ಮಕ್ಕಳು ಸ್ವಂತ ಮಾತಿನಲ್ಲಿ ಬರೆಯುವಂತಾಗಲು ತರಗತಿಯ ಉಪಕರಣಗಳು ಹೇಗೆ ನೆರವಾಗಬಲ್ಲವು?

ಕನ್ನಡ ಶಿಕ್ಷಕಿ, ಉತ್ತರ ಕನ್ನಡ

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಕನ್ನಡ ಕಲಿಸುತ್ತೇನೆ. ದಾನಿಗಳ ನೆರವಿನಿಂದ ಶಾಲೆಗೆ ಒಂದು ಲ್ಯಾಪ್‌ಟಾಪ್ ಮತ್ತು ಒಂದು ಪ್ರೊಜೆಕ್ಟರ್ ಬಂದಿವೆ. ನನ್ನ ಫೋನನ್ನೂ ಸೇರಿಸಿದರೆ ನಮ್ಮ ತಂತ್ರಜ್ಞಾನದ ಆಸ್ತಿ ಅಲ್ಲಿಗೆ ಮುಗಿಯಿತು. ಇದುವರೆಗೆ ಇವನ್ನು ಪಾಠದ ವಿಡಿಯೊ ತೋರಿಸಲು ಮಾತ್ರ ಬಳಸಿದ್ದೇವೆ. ಮಕ್ಕಳು ನೋಡುತ್ತಾರೆ, ಕೇಳುತ್ತಾರೆ, ಮೆಚ್ಚುತ್ತಾರೆ; ಆದರೆ ಅದರಿಂದ ಅವರ ಬರವಣಿಗೆಗೆ ಏನೂ ದಕ್ಕಿದಂತೆ ಕಾಣುವುದಿಲ್ಲ.

ನನ್ನ ಮಕ್ಕಳಿಗೆ ಅಕ್ಷರ ಬಾರದೆಂದಲ್ಲ. ಕಪ್ಪುಹಲಗೆಯ ಮೇಲಿನದನ್ನು ಒಂದು ಒತ್ತಕ್ಷರವೂ ತಪ್ಪದಂತೆ ದುಂಡಗೆ ಇಳಿಸಿಕೊಳ್ಳುತ್ತಾರೆ. ಆದರೆ ‘ನಿಮ್ಮ ಮನೆಯ ಹಸುವಿನ ಬಗ್ಗೆ ಬರೆಯಿರಿ’ ಎಂದರೆ ‘ಹಸು ಒಂದು ಸಾಕುಪ್ರಾಣಿ, ಹಸುವಿಗೆ ನಾಲ್ಕು ಕಾಲುಗಳಿವೆ, ಹಸು ಹಾಲು ಕೊಡುತ್ತದೆ’ ಎನ್ನುವಲ್ಲಿಗೆ ಪೆನ್ಸಿಲ್ ನಿಂತುಬಿಡುತ್ತದೆ. ಹೀಗೆ ಬರೆದ ಹುಡುಗಿಯೇ, ತಮ್ಮ ಹಸು ಬೆಟ್ಟಕ್ಕೆ ಮೇಯಲು ಹೋಗಿ ಕತ್ತಲಾದರೂ ಮರಳದಿದ್ದುದನ್ನು, ಅಪ್ಪ ಟಾರ್ಚ್ ಹಿಡಿದು ಹುಡುಕಿದ್ದನ್ನು, ಕೊನೆಗೆ ಅದು ಅಡಿಕೆ ತೋಟದ ಅಂಚಿನ ಹಳ್ಳದಲ್ಲಿ ಕರು ಹಾಕಿ ನಿಂತಿದ್ದನ್ನು ಊಟದ ಬಿಡುವಿನಲ್ಲಿ ಗೆಳತಿಯರಿಗೆ ಉಸಿರು ಬಿಡದೆ ಹೇಳುತ್ತಾಳೆ. ಬಾಯಲ್ಲಿರುವ ಈ ಕಥೆ ಕೈಗೆ ಬರುವ ದಾರಿಯಲ್ಲಿ ಎಲ್ಲಿ ಕಳೆದುಹೋಗುತ್ತಿದೆ? ನಮ್ಮಲ್ಲಿರುವ ಈ ಮೂರು ಉಪಕರಣಗಳಿಂದ ಆ ದಾರಿಯನ್ನು ಸುಗಮಗೊಳಿಸಲು ಸಾಧ್ಯವೇ? ತರಗತಿಯಲ್ಲಿ ಮಾಡಿ ನೋಡಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ನಲಿ-ಕಲಿ ತರಗತಿಯ ಶಿಕ್ಷಕ, ಮೈಸೂರು ಜಿಲ್ಲೆ

ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಅರ್ಧ ಭಾಗವಿದೆ. ಮಗುವಿಗೆ ಹೇಳಲು ವಿಷಯವಿದೆ, ಕೇಳುವವರೂ ಇದ್ದಾರೆ. ಬರೆಯುವಾಗ ಮಾತ್ರ ಕೇಳುವವರು ಇರುವುದಿಲ್ಲ. ನೋಟ್‌ಬುಕ್ಕಿನ ಏಕೈಕ ಓದುಗರು ನಾವು, ಅದೂ ಕೆಂಪು ಪೆನ್ನು ಹಿಡಿದು ಓದುವವರು.

ಚಿಕ್ಕ ತರಗತಿಗಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾದಾಗ, ಆಂಧ್ರಪ್ರದೇಶದ ಋಷಿ ವ್ಯಾಲಿ ಶಾಲೆಯ ಕಲಿಕಾ ಕಾರ್ಡುಗಳ ಮಾದರಿಯಿಂದ ಕಲಿತ ಶಿಕ್ಷಕರು ವರ್ಣಮಾಲೆಯ ಕ್ರಮವನ್ನೇ ಬದಿಗಿಟ್ಟು ‘ರ, ಗ, ಸ, ದ, ಅ’ ಎಂದು ಅಕ್ಷರಗಳನ್ನು ಗುಂಪು ಮಾಡಿದರು. ಈ ಐದು ಅಕ್ಷರ ಬಂದರೆ ಸಾಕು, ಮಗು ಸರ, ಅರಸ, ಗರಗಸ ಎಂದು ಪದಗಳನ್ನು ಕಟ್ಟತೊಡಗುತ್ತದೆ. ಅಕ್ಷರವೆಂಬುದು ತಾನು ಏನನ್ನಾದರೂ ಮಾಡಲು ಇರುವ ವಸ್ತು ಎಂಬ ಭಾವನೆ ಮಗುವಿಗೆ ಮೊದಲ ವಾರಗಳಲ್ಲಿಯೇ ಬರಲಿ ಎಂಬುದು ಅದರ ಹಿಂದಿನ ವಿವೇಕ. 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿದ ಈ ಪದ್ಧತಿ ಮೂರನೆಯ ತರಗತಿಗೆ ನಿಲ್ಲುತ್ತದೆ. ನಾಲ್ಕನೆಯ ತರಗತಿಯಲ್ಲಿ ಪಾಠದ ಕೊನೆಯ ಪ್ರಶ್ನೋತ್ತರ ಆರಂಭವಾಗುತ್ತದೆ. ಉತ್ತರವನ್ನು ಹಲಗೆಯಿಂದ ಇಳಿಸಿಕೊಳ್ಳುವುದೇ ಬರವಣಿಗೆ ಎಂದು ಮಕ್ಕಳು ತೀರ್ಮಾನಿಸುವುದು ಈ ಹಂತದಲ್ಲಿ.

ನಾನು ಹೆಚ್ಚು ನೆಚ್ಚಿಕೊಂಡಿರುವುದು ಫೋನಿನ ಧ್ವನಿಮುದ್ರಣವನ್ನು. ಮಕ್ಕಳು ಇಬ್ಬಿಬ್ಬರಾಗಿ ಕುಳಿತು, ಒಬ್ಬರು ಹೇಳುವುದನ್ನು ಇನ್ನೊಬ್ಬರು ಕೇಳಬೇಕು. ಹೇಳುವ ಮಗುವಿನ ಎರಡು ನಿಮಿಷದ ಮಾತನ್ನು ಮುದ್ರಿಸಿಕೊಳ್ಳುತ್ತೇನೆ. ಬಳಿಕ ಅದನ್ನು ಸ್ವಲ್ಪ ಸ್ವಲ್ಪವೇ ಕೇಳಿಸುತ್ತ, ನಿಲ್ಲಿಸಿದಲ್ಲೆಲ್ಲ ಮಗು ತನ್ನ ಮಾತನ್ನು ತಾನೇ ಬರೆದುಕೊಳ್ಳಬೇಕು. ಬರೆಯುವಾಗ ಮಕ್ಕಳು ವಾಕ್ಯದ ನಡುವೆ ಮುಂದಿನ ವಾಕ್ಯವನ್ನು ಮರೆಯುತ್ತಾರೆ. ಒಂದು ಒತ್ತಕ್ಷರಕ್ಕಾಗಿ ತಡಕಾಡಿ ತಲೆಯೆತ್ತುವಷ್ಟರಲ್ಲಿ ಕಥೆ ಹಾರಿಹೋಗಿರುತ್ತದೆ. ಧ್ವನಿಮುದ್ರಣದಲ್ಲಿ ಕಥೆ ಕಾಯುತ್ತದೆ, ಆದ್ದರಿಂದ ಅವಸರವಿಲ್ಲ.

ಇನ್ನೂ ಬರೆಯಲಾರದ ಮಕ್ಕಳು ಹೇಳಿದ್ದನ್ನು ನಾನೇ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತೇನೆ, ಅದು ಗೋಡೆಯ ಮೇಲೆ ದೊಡ್ಡದಾಗಿ ಮೂಡುತ್ತದೆ. ಇಲ್ಲಿ ಒಂದು ನಿಯಮವನ್ನು ಬಿಗಿಯಾಗಿ ಪಾಲಿಸಬೇಕು: ಮಗು ಆಡಿದ ಮಾತನ್ನೇ ಬರೆಯಬೇಕು, ನಮ್ಮ ಮಾತನ್ನಲ್ಲ. ನಿಮ್ಮ ಕಡೆ ಹವಿಗನ್ನಡ, ಹಾಲಕ್ಕಿ ಕನ್ನಡ, ಕೊಂಕಣಿ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿರಬಹುದು. ಆಡಿದ ರೂಪವನ್ನು ನಾವು ಗ್ರಾಂಥಿಕಕ್ಕೆ ತಿದ್ದಿ ಟೈಪ್ ಮಾಡಿದೊಡನೆ ಆ ಬರಹ ಮಗುವಿನದಾಗಿ ಉಳಿಯುವುದಿಲ್ಲ, ಮತ್ತು ಮಗುವಿಗೆ ಅದು ಕೂಡಲೇ ತಿಳಿಯುತ್ತದೆ.

ಕನ್ನಡ ತಂತ್ರಾಂಶ ಕಾರ್ಯಕರ್ತ, ಬೆಂಗಳೂರು

ಧ್ವನಿಮುದ್ರಣದ ಮಾತು ಬಂದುದರಿಂದ ಧ್ವನಿಯಿಂದ ನೇರವಾಗಿ ಟೈಪ್ ಮಾಡುವ ಸೌಲಭ್ಯದ ಬಗ್ಗೆಯೂ ಹೇಳಬೇಕೆನಿಸಿತು. ಗೂಗಲ್ 2017ರಲ್ಲಿ ಕನ್ನಡಕ್ಕೆ ಧ್ವನಿ ಟೈಪಿಂಗ್ ತಂದಿತು. ವಯಸ್ಕರಿಗೆ, ಕಣ್ಣು ಮಂಜಾದ ಹಿರಿಯರಿಗೆ, ಕೈ ಸ್ವಾಧೀನವಿಲ್ಲದ ಮಕ್ಕಳಿಗೆ ಅದು ದೊಡ್ಡ ಉಪಕಾರ. ಉಳಿದ ಚಿಕ್ಕ ಮಕ್ಕಳ ತರಗತಿಗೆ ಅದನ್ನು ನಾನು ಶಿಫಾರಸು ಮಾಡುವುದಿಲ್ಲ. ಆ ಯಂತ್ರವು ಎಳೆಯ ಧ್ವನಿ ಮತ್ತು ಪ್ರಾದೇಶಿಕ ಉಚ್ಚಾರಗಳನ್ನು ತನಗೆ ಪರಿಚಯವಿರುವ ಪದಗಳಿಗೆ ಒಗ್ಗಿಸಿಕೊಳ್ಳಲು ನೋಡುತ್ತದೆ. ತಾನು ಹೇಳಿದ್ದು ಬೇರೆ ಪದವಾಗಿ ಬಂದಾಗ, ಯಂತ್ರಕ್ಕೆ ತಿಳಿಯಲಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ನನ್ನ ಮಾತೇ ತಪ್ಪು ಎಂದು ಒಂಬತ್ತು ವರ್ಷದ ಮಗು ಅಂದುಕೊಳ್ಳುತ್ತದೆ.

ಕೀಲಿಮಣೆಯ ವಿಷಯ ಬೇರೆ. ಕನ್ನಡವನ್ನು ಟೈಪ್ ಮಾಡುವುದು ಅಕ್ಷರಗಳ ಒಳರಚನೆಯನ್ನು ಕಲಿಸುವ ಕೆಲಸವೂ ಹೌದು, ಆದರೆ ಇದನ್ನು ಗಮನಿಸಿದವರು ಕಡಿಮೆ. ‘ಸೂರ್ಯ’ ಎಂಬ ಪದವನ್ನು ತೆಗೆದುಕೊಳ್ಳಿ. ಕಾಗದದ ಮೇಲೆ ಅರ್ಕಾವತ್ತು ‘ಯ’ಕಾರದ ನಂತರ ಕೂರುತ್ತದೆ, ಉಚ್ಚಾರದಲ್ಲಿ ‘ರ್’ ಮೊದಲು ಬರುತ್ತದೆ. ಎಷ್ಟೋ ಮಕ್ಕಳಿಗೆ ಇದು ವರ್ಷಗಟ್ಟಲೆ ಗೊಂದಲ. ಗಣಕಗಳ ಅಕ್ಷರ ಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲಿ ಅಕ್ಷರಗಳು ಉಚ್ಚಾರದ ಕ್ರಮದಲ್ಲಿಯೇ ಸೇರುವುದರಿಂದ ಮಗು ರ, ಅರ್ಧಾಕ್ಷರದ ಕೀಲಿ, ಯ ಎಂದು ಒತ್ತಬೇಕು. ಒತ್ತಿದೊಡನೆ ಅರ್ಕಾವತ್ತು ತನ್ನ ಜಾಗಕ್ಕೆ ತಾನೇ ಹೋಗಿ ನಿಲ್ಲುವುದನ್ನು ಮಗು ಕಣ್ಣಾರೆ ಕಾಣುತ್ತದೆ. ‘ಸ್ತ್ರೀ’ ಎಂಬ ಒಂದು ಅಕ್ಷರವನ್ನು ಬಿಡಿಸಿ ಬಿಡಿಸಿ ಒತ್ತಿದ ಮಗುವಿಗೆ ಅದರೊಳಗೆ ಸ, ತ, ರ ಮೂರೂ ಇವೆಯೆಂದು ಮತ್ತೆ ಹೇಳಿಕೊಡಬೇಕಾಗಿಲ್ಲ. ದೊಡ್ಡವರೇ ಅರ್ಕಾವತ್ತಿನ ಬದಲು ಒಂಬತ್ತರ ಅಂಕಿಯನ್ನು ಒತ್ತಿಬಿಡುವುದನ್ನು ನೀವು ಆಮಂತ್ರಣ ಪತ್ರಿಕೆಗಳಲ್ಲಿ ನೋಡಿರಬಹುದು. ಮಕ್ಕಳಿಗೆ ಆ ಅಭ್ಯಾಸ ಹತ್ತದಿರಲಿ.

ಯಾವ ಕೀಲಿಮಣೆ ಎಂಬುದೂ ಮುಖ್ಯ. ಇಂಗ್ಲಿಷ್ ಕಾಗುಣಿತದಲ್ಲಿ ಬರೆದು ಕನ್ನಡಕ್ಕೆ ತಿರುಗಿಸುವ ವಿಧಾನವನ್ನು ಈ ವಯಸ್ಸಿನವರಿಗೆ ದಯವಿಟ್ಟು ಕಲಿಸಬೇಡಿ. ಕನ್ನಡ ಬರೆಯಲು ಮೊದಲು ಇಂಗ್ಲಿಷ್ ಬರಬೇಕೆಂಬ ಸಂದೇಶವನ್ನು ಅದು ಮೌನವಾಗಿ ಕೊಡುತ್ತದೆ. ಇನ್‌ಸ್ಕ್ರಿಪ್ಟ್ ಎಂಬ, ಭಾರತೀಯ ಲಿಪಿಗಳಿಗಾಗಿ ರೂಪಿಸಿದ ಕೀಲಿಮಣೆ ಎಲ್ಲ ಗಣಕಗಳಲ್ಲಿ ಸಿಗುತ್ತದೆ. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ ಬರುತ್ತವೆ. ಕನ್ನಡ ಗಣಕ ತಂತ್ರಜ್ಞ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿ ಎಂಬ ತಂತ್ರಾಂಶದ ಕೀಲಿಮಣೆಯೂ ಒಳ್ಳೆಯದು, ನಮ್ಮ ಕಚೇರಿಗಳಲ್ಲಿ ಬಳಕೆಯಲ್ಲಿರುವುದೂ ಅದೇ. ಕೀಲಿಗಳ ಮೇಲೆ ಕನ್ನಡ ಅಕ್ಷರದ ಚೀಟಿ ಅಂಟಿಸಿದರೆ ಎರಡರಲ್ಲಿ ಯಾವುದಾದರೂ ಸರಿ.

ನಿವೃತ್ತಿಯ ಹೊಸ್ತಿಲಲ್ಲಿರುವ ಶಿಕ್ಷಕಿ, ಧಾರವಾಡ

ಮೇಲಿನವರ ಉತ್ಸಾಹವನ್ನು ಗೌರವಿಸುತ್ತಲೇ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಮೂರನೆಯ ತರಗತಿಯವರೆಗೆ ಕೀಲಿಮಣೆ ಬೇಡವೇ ಬೇಡ. ಕೈಯಿಂದ ತಿದ್ದಿದ ಅಕ್ಷರ ಮಗುವಿನ ನೆನಪಿನಲ್ಲಿ ಊರುವ ಬಗೆಯೇ ಬೇರೆ. ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೈಯಲ್ಲಿ ಬರೆದು ಕಲಿತ ಅಕ್ಷರಗಳನ್ನು ನೋಡುವಾಗ ಮಿದುಳಿನಲ್ಲಿ ಓದಿಗೆ ಸಂಬಂಧಿಸಿದ ಭಾಗಗಳು ಎಚ್ಚರಗೊಳ್ಳುವುದನ್ನೂ, ಟೈಪ್ ಮಾಡಿ ಕಲಿತ ಅಕ್ಷರಗಳಿಗೆ ಹಾಗಾಗದಿರುವುದನ್ನೂ ತೋರಿಸಿತು. ಅದು ರೋಮನ್ ಲಿಪಿಯ ಅಧ್ಯಯನ, ನಿಜ. ಆದರೆ ತಿರುವುಗಳೇ ತುಂಬಿದ ನಮ್ಮ ಲಿಪಿಗೆ ಕೈಯ ಅಭ್ಯಾಸ ಇನ್ನೂ ಹೆಚ್ಚು ಬೇಕೆಂದೇ ನನಗನ್ನಿಸುತ್ತದೆ. ತರಗತಿಗಳಿಗೆ ಧಾರಾಳವಾಗಿ ಟ್ಯಾಬ್ಲೆಟ್ ತಂದಿದ್ದ ಸ್ವೀಡನ್ ಸಹ 2023ರಲ್ಲಿ ಮುದ್ರಿತ ಪುಸ್ತಕ ಮತ್ತು ಕೈಬರಹದ ಕಡೆಗೆ ಮರಳುವ ನಿರ್ಧಾರ ಮಾಡಿತು.

ನಾಲ್ಕನೆಯ ತರಗತಿಯಿಂದ ಮುಂದಿನ ಮಾತು ಬೇರೆ ಎಂಬುದನ್ನು ಒಪ್ಪುತ್ತೇನೆ. ನಾಲ್ಕರಿಂದ ಹನ್ನೆರಡನೆಯ ತರಗತಿಯವರ ಬರವಣಿಗೆ ಕಲಿಕೆಯ ಬಗ್ಗೆ ಅದುವರೆಗೆ ನಡೆದ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2007ರ ಅಮೆರಿಕದ ವರದಿಯೊಂದು, ಗಣಕದಲ್ಲಿ ಬರೆಯುವುದರಿಂದ ಬರಹದ ಗುಣಮಟ್ಟಕ್ಕೆ ಸ್ಪಷ್ಟ ಲಾಭವಿದೆಯೆಂದು ಕಂಡಿತು. ಆದರೆ ಹೇಗೆ ಯೋಜಿಸಬೇಕು, ಹೇಗೆ ತಿದ್ದಿಕೊಳ್ಳಬೇಕು ಎಂಬುದನ್ನು ಶಿಕ್ಷಕರು ನೇರವಾಗಿ ಹೇಳಿಕೊಟ್ಟಾಗ ಸಿಗುವ ಲಾಭ ಅದಕ್ಕಿಂತ ದೊಡ್ಡದು ಎಂದೂ ಅದೇ ವರದಿ ಹೇಳುತ್ತದೆ. ಈ ಎರಡನೆಯ ಮಾತನ್ನು ಉಪಕರಣ ಕೊಳ್ಳುವವರು ಯಾರೂ ನೆನಪಿಸಿಕೊಳ್ಳುವುದಿಲ್ಲ.

ನಿಮ್ಮಲ್ಲಿರುವ ವಸ್ತುಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಪ್ರೊಜೆಕ್ಟರ್ ಎಂಬುದು ನನ್ನ ಅಭಿಪ್ರಾಯ. ಮಗುವಿನ ಕೈಬರಹದ ಪುಟದ ಫೋಟೊ ತೆಗೆದು ಗೋಡೆಯ ಮೇಲೆ ತೋರಿಸಿ. ತೋರಿಸುವ ಮೊದಲು ಮಗುವನ್ನು ಕೇಳಿ, ಬೇಡವೆಂದರೆ ಬಿಡಿ. ತಪ್ಪು ಹುಡುಕಲು ಯಾರಿಗೂ ಅವಕಾಶ ಕೊಡಬೇಡಿ. ‘ಇದನ್ನು ಓದಿ ನಿಮಗೆ ಇನ್ನೂ ಏನು ತಿಳಿಯಬೇಕೆನಿಸುತ್ತದೆ?’ ಎಂಬ ಒಂದೇ ಪ್ರಶ್ನೆ ಸಾಕು. ಆ ಹಸುವಿನ ಮೂರು ವಾಕ್ಯಗಳನ್ನು ತೋರಿಸಿದರೆ ಮಕ್ಕಳೇ ಕೇಳುತ್ತಾರೆ: ಅದರ ಹೆಸರೇನು, ಹಾಯುತ್ತದೆಯೇ, ಕರು ಎಲ್ಲಿ ಹುಟ್ಟಿತು, ಹಳ್ಳದಲ್ಲಿ ನೀರಿತ್ತೇ? ಉತ್ತರಗಳೆಲ್ಲ ಬರಹದೊಳಗೆ ಸೇರಬೇಕಾದ ವಾಕ್ಯಗಳೇ.

ಕನ್ನಡ ಶಿಕ್ಷಕಿ, ಉತ್ತರ ಕನ್ನಡ

ಬಹಳ ಉಪಕಾರವಾಯಿತು. ಇಲ್ಲಿ ಒಂದು ತೊಡಕು ಕಾಣುತ್ತದೆ. ಪ್ರಶ್ನೆ ಕೇಳಿದ ಮೇಲೆ ಮಗು ನಡುವೆ ಎರಡು ವಾಕ್ಯ ಸೇರಿಸಬೇಕೆಂದರೆ ನೋಟ್‌ಬುಕ್ಕಿನಲ್ಲಿ ಜಾಗವಿರುವುದಿಲ್ಲ, ಇಡೀ ಪುಟವನ್ನು ಮತ್ತೆ ಬರೆಯಬೇಕು. ಒಮ್ಮೆ ದುಂಡಗೆ ಬರೆದ ಪುಟವನ್ನು ಮತ್ತೆ ಬರೆ ಎಂದರೆ ಅದು ಶಿಕ್ಷೆಯಂತಾಗುತ್ತದೆ. ಲ್ಯಾಪ್‌ಟಾಪಿನ ನಿಜವಾದ ಉಪಯೋಗ ಇಲ್ಲಿ ಇರಬಹುದೇ? ವಿದ್ಯುತ್ ಮಳೆಗಾಲದಲ್ಲಿ ದಿನಗಟ್ಟಲೆ ಇರುವುದಿಲ್ಲ ಎಂಬುದನ್ನೂ ಗಮನದಲ್ಲಿಟ್ಟು ಹೇಳಿ.

ನಲಿ-ಕಲಿ ತರಗತಿಯ ಶಿಕ್ಷಕ, ಮೈಸೂರು ಜಿಲ್ಲೆ

ಖಂಡಿತ ಇಲ್ಲಿಯೇ. ಮೊದಲ ಕರಡು ಕಾಗದದ ಮೇಲೆ, ಸಾಲು ಬಿಟ್ಟು ಸಾಲು ಬರೆಯಲಿ. ಸೇರಿಸುವುದು, ತೆಗೆಯುವುದು, ಹಿಂದುಮುಂದು ಮಾಡುವುದು ಗಣಕದಲ್ಲಿ ನಡೆಯಲಿ. ಒಂದೇ ಗಣಕವಿರುವುದು ಕೊರತೆಯಾಗಬೇಕಿಲ್ಲ: ವಾರಕ್ಕೆ ಒಂದು ಬರಹವನ್ನು ಎಲ್ಲರ ಎದುರು ತೆರೆದು, ಬರೆದ ಮಗುವೇ ಕೀಲಿಮಣೆಯ ಮುಂದೆ ಕುಳಿತು, ಯಾವ ಸಲಹೆಯನ್ನು ಒಪ್ಪಬೇಕೆಂದು ತಾನೇ ನಿರ್ಧರಿಸಿದರೆ ಇಡೀ ತರಗತಿ ಕಲಿಯುತ್ತದೆ. ವಿದ್ಯುತ್ ಇಲ್ಲದ ದಿನ ಕತ್ತರಿ ಮತ್ತು ಅಂಟು ಅದೇ ಕೆಲಸ ಮಾಡುತ್ತವೆ. ವಾಕ್ಯಗಳನ್ನು ಪಟ್ಟಿಗಳಾಗಿ ಕತ್ತರಿಸಿ ಜೋಡಿಸಲಿ.

ಶಾಲಾ ಗ್ರಂಥಾಲಯದ ಸ್ವಯಂಸೇವಕ, ಶಿವಮೊಗ್ಗ

ಓದುಗರಿಲ್ಲದ ಬರಹದ ಬಗ್ಗೆ ಮೈಸೂರಿನವರು ಆಡಿದ ಮಾತನ್ನು ಮುಂದುವರಿಸುತ್ತೇನೆ, ಏಕೆಂದರೆ ಈ ಚರ್ಚೆಯ ಜೀವ ಅಲ್ಲಿದೆ ಎಂದು ನನಗೆ ತೋರುತ್ತದೆ. ತರಗತಿಗೆ ಯಂತ್ರ ತಂದು ಮಕ್ಕಳಿಂದ ಬರೆಯಿಸಿದ ಪ್ರಯತ್ನಕ್ಕೆ ನೂರು ವರ್ಷದ ಇತಿಹಾಸವಿದೆ. ಫ್ರಾನ್ಸಿನ ದಕ್ಷಿಣದಲ್ಲಿ ಬಾರ್-ಸ್ಯುರ್-ಲೂ ಎಂಬ ಬೆಟ್ಟದೂರಿನ ಶಿಕ್ಷಕ ಸೆಲೆಸ್ತಾಂ ಫ್ರೆನೆ ಮೊದಲನೆಯ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ ಮರಳಿದವರು. ದೊಡ್ಡ ಧ್ವನಿಯಲ್ಲಿ ಬಹಳ ಹೊತ್ತು ಪಾಠ ಮಾಡುವ ಶಕ್ತಿ ಅವರಿಗಿರಲಿಲ್ಲ. ಅವರು ಮಕ್ಕಳನ್ನು ಹೊರಗೆ ಕರೆದೊಯ್ದರು, ನೋಡಿದ್ದನ್ನು ಹೇಳಿಸಿದರು, ಮತ್ತು 1924ರ ಸುಮಾರಿಗೆ ಒಂದು ಚಿಕ್ಕ ಮುದ್ರಣ ಯಂತ್ರವನ್ನು ತರಗತಿಯೊಳಗೆ ತಂದರು. ಮಕ್ಕಳು ತಮ್ಮ ಬರಹಗಳಲ್ಲಿ ಒಂದನ್ನು ಆರಿಸಿ, ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸಿ, ಮಸಿ ಹಚ್ಚಿ, ಪುಟ ತೆಗೆಯುತ್ತಿದ್ದರು. ಎರಡು ವರ್ಷದ ಬಳಿಕ ದೇಶದ ಇನ್ನೊಂದು ತುದಿಯ ಬ್ರಿಟನಿಯ ಕಡಲತೀರದ ಶಾಲೆಯೊಂದಿಗೆ ಆ ಪುಟಗಳ ವಿನಿಮಯ ಆರಂಭವಾಯಿತು. ಬೆಟ್ಟದ ಮಕ್ಕಳಿಗೆ ಕಡಲಿನ ಮಕ್ಕಳ ಬದುಕು ತಿಳಿಯದು, ಅವರಿಗೆ ಇವರದು ತಿಳಿಯದು. ಆದ್ದರಿಂದ ಇಬ್ಬರಿಗೂ ವಿವರವಾಗಿ ಬರೆಯದೆ ಗತಿಯಿರಲಿಲ್ಲ. ಹಸುವಿಗೆ ನಾಲ್ಕು ಕಾಲೆಂದು ಇಂಥ ಓದುಗರಿಗೆ ಯಾರೂ ಬರೆಯುವುದಿಲ್ಲ, ಅದು ಅವರಿಗೂ ಗೊತ್ತಿರುವ ಸಂಗತಿ.

ಫ್ರೆನೆ ಅವರ ಯಂತ್ರಕ್ಕಿಂತ ಹೆಚ್ಚಿನ ಶಕ್ತಿ ಇಂದು ನಿಮ್ಮ ಲ್ಯಾಪ್‌ಟಾಪಿಗಿದೆ. ಮಕ್ಕಳ ಪುಸ್ತಕ ಪ್ರಕಾಶನ ಸಂಸ್ಥೆಯಾದ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯ ಸಾವಿರಾರು ಚಿತ್ರಗಳಿವೆ. ಮಕ್ಕಳು ಚಿತ್ರ ಆರಿಸಿ, ಪುಟಕ್ಕೆರಡು ಸಾಲು ಕನ್ನಡದಲ್ಲಿ ಬರೆದು ಪುಸ್ತಕ ಮಾಡಬಹುದು. ಚಿತ್ರ ಮೊದಲು ಬಂದಾಗ ಬರೆಯಲು ಏನೂ ಇಲ್ಲವೆಂಬ ಮಗುವೂ ಆರಂಭಿಸುತ್ತದೆ. ಆದರೆ ಅಲ್ಲಿಯೇ ನಿಲ್ಲಬಾರದು, ಸಿದ್ಧ ಚಿತ್ರದ ಆನೆ ನಿಮ್ಮ ಹುಡುಗಿಯ ಹಸುವಲ್ಲ. ಅವಳು ಬಿಡಿಸಿದ ಚಿತ್ರವನ್ನೇ ಫೋಟೊ ತೆಗೆದು ಪುಟಕ್ಕೆ ಸೇರಿಸಿ. ಒಂದು ಎ4 ಹಾಳೆಯನ್ನು ಮಡಚಿ, ನಡುವೆ ಒಂದು ಕತ್ತರಿ ಗೆರೆ ಹಾಕಿದರೆ ಎಂಟು ಪುಟದ ಪುಟ್ಟ ಪುಸ್ತಕವಾಗುತ್ತದೆ. ಒಂದೇ ಬದಿಗೆ ಮುದ್ರಿಸಿದರೆ ಸಾಕು, ಉಳಿದ ಪ್ರತಿಗಳಿಗೆ ಊರಿನ ಜೆರಾಕ್ಸ್ ಅಂಗಡಿಯಿದೆ. ಒಂದು ಪ್ರತಿಗೆ ಶಾಲಾ ಗ್ರಂಥಾಲಯದ ಪರಿಗ್ರಹಣ ಸಂಖ್ಯೆ (ಪುಸ್ತಕ ದಾಖಲೆಯ ಸಂಖ್ಯೆ) ಹಾಕಿ ಕಪಾಟಿನಲ್ಲಿಡಿ. ಕಪಾಟಿನ ಮುಂದೆ ಬೇರೆ ತರಗತಿಯ ಮಗುವೊಂದು ತನ್ನ ಪುಸ್ತಕವನ್ನು ಕೇಳಿ ಪಡೆಯುವುದನ್ನು ಕಂಡ ಮಗುವಿಗೆ ಬರೆಯಲು ಬೇರೆ ಪ್ರೋತ್ಸಾಹ ಬೇಕಾಗುವುದಿಲ್ಲ.

ಕನ್ನಡ ವಾರಾಂತ್ಯ ತರಗತಿಯ ಸ್ವಯಂಸೇವಕಿ, ನ್ಯೂಜೆರ್ಸಿ

ನಮ್ಮ ಮಕ್ಕಳದು ತಿರುಗುಮುರುಗಾದ ಸ್ಥಿತಿ: ಕೀಲಿಮಣೆ ಚೆನ್ನಾಗಿ ಬರುತ್ತದೆ, ಕನ್ನಡದಲ್ಲಿ ಹೇಳಲು ಧೈರ್ಯ ಸಾಲದು. ಊರಿನ ಅಜ್ಜಿಗೆ ಬರೆಯುವ ಪತ್ರವಾದರೆ ಮಾತ್ರ ಮೂರು ಸಾಲು ದಾಟುತ್ತಾರೆ. ಅಜ್ಜಿ ಓದಿ ಧ್ವನಿಸಂದೇಶದಲ್ಲಿ ಉತ್ತರ ಕೊಟ್ಟರೆ, ಮುಂದಿನ ಪತ್ರ ಕೇಳದೆಯೇ ಬರುತ್ತದೆ. ಓದುಗರೇ ಮುಖ್ಯ ಎಂಬ ಮಾತಿಗೆ ಇಷ್ಟು ದೂರದಿಂದ ನನ್ನದೂ ಒಪ್ಪಿಗೆ.

ಪೋಷಕ, ತುಮಕೂರು

ಬರಹಗಳನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದರೆ ಓದುಗರು ಸುಲಭವಾಗಿ ಸಿಗುತ್ತಾರಲ್ಲವೇ? ಇನ್ನೊಂದು ಪ್ರಶ್ನೆ: ಈಗ ಕೃತಕ ಬುದ್ಧಿಮತ್ತೆಯ ತಾಣಗಳು ಕನ್ನಡದಲ್ಲಿಯೂ ಪ್ರಬಂಧ ಬರೆದು ಕೊಡುತ್ತವೆ. ಅದನ್ನು ಮಾದರಿಯಾಗಿ ಮಕ್ಕಳಿಗೆ ತೋರಿಸಬಹುದೇ?

ನಿವೃತ್ತಿಯ ಹೊಸ್ತಿಲಲ್ಲಿರುವ ಶಿಕ್ಷಕಿ, ಧಾರವಾಡ

ಎರಡಕ್ಕೂ ನನ್ನ ಉತ್ತರ ಬೇಡ ಎಂದೇ. ಗುಂಪಿನಲ್ಲಿ ಹಾಕಿದೊಡನೆ ಯಾರ ಮಗುವಿನ ಬರಹ ಚೆಂದ ಎಂಬ ಹೋಲಿಕೆ ಆರಂಭವಾಗುತ್ತದೆ, ಮುಂದಿನ ವಾರದಿಂದ ಅಪ್ಪ ಅಮ್ಮಂದಿರೇ ಬರೆದು ಕಳಿಸುತ್ತಾರೆ. ಮಕ್ಕಳ ಹೆಸರು, ಧ್ವನಿ, ಮನೆಯ ವಿಷಯಗಳು ಎಲ್ಲೆಂದರಲ್ಲಿ ಹರಡುವುದೂ ಸರಿಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನ ಎಲ್ಲರನ್ನೂ ಮಕ್ಕಳೆಂದೇ ಎಣಿಸಿ, ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಧ್ವನಿಮುದ್ರಣಗಳು ಶಿಕ್ಷಕರ ಬಳಿಯೇ ಉಳಿದು, ಕೆಲಸ ಮುಗಿದ ಮೇಲೆ ಅಳಿಸಿಹೋಗಲಿ.

ಯಂತ್ರ ಬರೆದ ಪ್ರಬಂಧವನ್ನು ಮಾದರಿಯಾಗಿಸಿದರೆ ನಾವು ಹಲಗೆಯಿಂದ ಇಳಿಸಿಕೊಳ್ಳುವ ಸ್ಥಿತಿಗೇ ಮರಳುತ್ತೇವೆ. ಮಾದರಿ ಬೇಕೆಂದರೆ ಕಳೆದ ವರ್ಷದ ಮಕ್ಕಳ ಬರಹವನ್ನು ತೋರಿಸಿ.

ಕನ್ನಡ ತಂತ್ರಾಂಶ ಕಾರ್ಯಕರ್ತ, ಬೆಂಗಳೂರು

ಇದಕ್ಕೆ ಒಂದು ತಾಂತ್ರಿಕ ಸಲಹೆ ಸೇರಿಸುತ್ತೇನೆ. ಬರೆಯುವ ತಂತ್ರಾಂಶದಲ್ಲಿ ಕಾಗುಣಿತ ಪರೀಕ್ಷೆಯನ್ನು ಮೊದಲೇ ನಿಲ್ಲಿಸಿಬಿಡಿ. ಕನ್ನಡದಲ್ಲಿ ಪ್ರತ್ಯಯದ ಮೇಲೆ ಪ್ರತ್ಯಯ ಕೂಡಿ ಪದ ಬೆಳೆಯುತ್ತದೆ. ‘ಮರದಡಿಯಿಂದಲೇ’, ‘ಹೋಗಬೇಕೆಂದಿದ್ದರೂ’ ಎಂಬ ಸರಿಯಾದ ಪದಗಳೂ ನಿಘಂಟಿನ ಪಟ್ಟಿಯಲ್ಲಿ ಇಲ್ಲವೆಂಬ ಕಾರಣಕ್ಕೆ ಕೆಂಪು ಗೆರೆ ಪಡೆಯುತ್ತವೆ. ಮಕ್ಕಳ ಮನೆಮಾತಿನ ಪದಗಳ ಗತಿಯಂತೂ ಹೇಳಬೇಕಿಲ್ಲ. ಶಿಕ್ಷಕರ ಕೆಂಪು ಪೆನ್ನನ್ನು ಕೆಳಗಿಡಿಸಿ ಯಂತ್ರದ ಕೈಗೆ ಅದನ್ನು ಕೊಡುವುದು ನ್ಯಾಯವಲ್ಲ. ಕಾಗುಣಿತದ ತಿದ್ದುಪಡಿ ಬೇಕೇ ಬೇಕು, ಆದರೆ ಅದು ಅಚ್ಚಿಗೆ ಹೋಗುವ ಹಿಂದಿನ ದಿನ, ಶಿಕ್ಷಕರೂ ಮಗುವೂ ಒಟ್ಟಿಗೆ ಕುಳಿತು ಮಾಡುವ ಕೊನೆಯ ಕೆಲಸವಾಗಲಿ.

ಕನ್ನಡ ಶಿಕ್ಷಕಿ, ಉತ್ತರ ಕನ್ನಡ

ಎಲ್ಲರಿಗೂ ಕೃತಜ್ಞತೆಗಳು. ಮುಖ್ಯೋಪಾಧ್ಯಾಯರೊಂದಿಗೆ ಮಾತನಾಡಿ, ಶನಿವಾರದ ಕೊನೆಯ ಎರಡು ಅವಧಿಗಳನ್ನು ಇದಕ್ಕೆ ಮೀಸಲಿಡಲು ಒಪ್ಪಿಗೆ ಪಡೆದಿದ್ದೇನೆ. ಧ್ವನಿಮುದ್ರಣದಿಂದ ಆರಂಭಿಸಿ, ಕಾಗದದ ಕರಡು, ಗೋಡೆಯ ಮೇಲಿನ ಪ್ರಶ್ನೋತ್ತರ, ಆ ಬಳಿಕ ಗಣಕ ಎಂಬ ಕ್ರಮದಲ್ಲಿ ಹೋಗುತ್ತೇವೆ. ಪುಟ್ಟ ಪುಸ್ತಕಗಳನ್ನು ಓದಿ ಪ್ರಶ್ನೆ ಕೇಳುವ, ತಮ್ಮದನ್ನೂ ಕಳಿಸುವ ದೂರದ ಶಾಲೆಯೊಂದು ಬೇಕಾಗಿದೆ; ಮಲೆನಾಡನ್ನು ಕಾಣದ ಮಕ್ಕಳಿದ್ದರೆ ಹೆಚ್ಚು ಒಳ್ಳೆಯದು.

ಸಹಶಿಕ್ಷಕ, ಕಲಬುರಗಿ ಜಿಲ್ಲೆ

ಇಡೀ ಚರ್ಚೆಯನ್ನು ಓದಿದೆ, ನಮ್ಮ ಐದನೆಯ ತರಗತಿ ಸಿದ್ಧವಿದೆ. ನಮ್ಮ ಮಕ್ಕಳು ಅಡಿಕೆ ಮರವನ್ನು ನೋಡಿಲ್ಲ. ಅಷ್ಟೆತ್ತರಕ್ಕೆ ಹತ್ತುವವರು ಒಂದು ಮರದಿಂದ ಇನ್ನೊಂದಕ್ಕೆ ಇಳಿಯದೆಯೇ ದಾಟುತ್ತಾರೆ ಎಂದು ನಾನು ಹೇಳಿದಾಗ ಅರ್ಧ ಮಕ್ಕಳು ನಂಬಲಿಲ್ಲ. ಅದನ್ನು ನಿಮ್ಮ ಮಕ್ಕಳೇ ಬರೆದು ತಿಳಿಸಬೇಕೆಂದು ಕೇಳಿದ್ದಾರೆ. ನಮ್ಮಲ್ಲಿ ತೊಗರಿಯ ರಾಶಿ ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ನಡೆಯುತ್ತದೆ, ನಿಮ್ಮ ಕಡೆ ಅಡಿಕೆ ಕೊಯ್ಲೂ ಆಗ ಇರುತ್ತದೆಯೆಂದು ಭಾವಿಸಿದ್ದೇನೆ. ಮೊದಲ ಪುಸ್ತಕಗಳು ಈ ಎರಡು ಸುಗ್ಗಿಗಳ ಬಗ್ಗೆ ಇರಲಿ. ಮೂಲ ಪ್ರತಿಗಳನ್ನು ಅಂಚೆಯಲ್ಲಿಯೇ ಕಳಿಸೋಣ, ಮಕ್ಕಳ ಕೈಗೆ ಕಾಗದವೇ ಸಿಗಬೇಕು. ಪ್ರಶ್ನೆಗಳನ್ನು ಮಾತ್ರ ಪ್ರತಿ ಶನಿವಾರ ಫೋನಿನಲ್ಲಿ ಧ್ವನಿಮುದ್ರಿಸಿ ನಿಮಗೆ ಕಳಿಸುತ್ತೇನೆ.